ಗರ್ಟ್ರೂಡ್ ಬಾಯಿ ಮೀಯಿಸಿದ ಮಗು

ಕುವೈತಿನಲ್ಲಿ ನಮ್ಮ ಕರಾವಳಿಯವರ ಮನೆಯಲ್ಲಿ ತೊಟ್ಟಿಲು ಕಟ್ಟಿದರೆ ಸಾಕು, ಕೊಂಕಣಿ ಕ್ರಿಸ್ತುವರ ಗರ್ಟ್ರೂಡ್ ಬಾಯಿಗೆ ಕರೆ ಹೋಗುತ್ತಿತ್ತು. ಗಂಡ ರೋಕ್ ಅಲ್ಲಿಯ ಬಂದರು ಪ್ರದೇಶವಾದ ಶುವೈಖ್‌ನಲ್ಲಿ ಡ್ರೈವರ್. ಸ್ವಂತ ಮಕ್ಕಳಿಲ್ಲದ ಬಾಯಿ ಊರವರ ಮಕ್ಕಳನ್ನೆಲ್ಲ ಮೀಯಿಸುತ್ತಿದ್ದಳು. ಬಚ್ಚಲಲ್ಲಿ ಕಾಲು ನೀಡಿ ಕೂತು, ಮಗುವನ್ನು ಕಾಲ ಮೇಲೆ ಮಲಗಿಸಿ, ತೆಂಗಿನೆಣ್ಣೆ ತಿಕ್ಕಿ, ಕೊನೆಗೊಂದು ಚೊಂಬು ನೀರು ನಿವಾಳಿಸಿ ಚೆಲ್ಲುವಳು: "ಊರವರ ದೃಷ್ಟಿ ಹೋಗ್ಲಿ, ಕೇರಿಯವರ ದೃಷ್ಟಿ ಹೋಗ್ಲಿ." ಅದರ ಬೆನ್ನಿಗೇ ಶಿಲುಬೆಯ ಗುರುತು. ಎರಡೂ ಕಡೆಯಿಂದ ಬಂದೋಬಸ್ತು.

1990ರ ಆರಂಭ, ಇರಾಕಿನ ದಾಳಿ, ಯುದ್ಧ ಇನ್ನೂ ಯಾರ ಕನಸಿನಲ್ಲೂ ಇರಲಿಲ್ಲ. ಬಾಯಿ ಮೀಯಿಸುತ್ತಿದ್ದ, ಊರವಳೇ ಆದ ಸುಗಂಧಿಯ ಹತ್ತು ತಿಂಗಳ ಮಗಳು ಅಕ್ಷಯಾಳ ಹೊಟ್ಟೆ ಉಬ್ಬತೊಡಗಿತು. "ಎಂಥಾ ಚಂದದ ಗಣಪತಿ ಹೊಟ್ಟೆ" ಎಂದು ಬಾಯಿ ಮುದ್ದಾಡಿದಳು. ಗಟ್ಟಿಯಾದಾಗ, "ವಾಯು ಅಷ್ಟೆ. ತಿಕ್ಕಿದ್ರೆ ಇಳೀತದೆ" ಎಂದು ವಾರಗಟ್ಟಲೆ ಒತ್ತಿ ತಿಕ್ಕಿದಳು. ಕೈಗೆ ಗಡ್ಡೆ ಸಿಕ್ಕಿದ ದಿನ ಮಾತ್ರ ಅವಳು ತಿಕ್ಕುವುದನ್ನು ನಿಲ್ಲಿಸಿದಳು. ಆಸ್ಪತ್ರೆಗೆ ಓಡಿಸಿದ್ದೂ ಅವಳೇ.

ಲಿವರಿನಲ್ಲಿ ನೀರು ತುಂಬಿದ ಗಡ್ಡೆ. ಕ್ಯಾನ್ಸರಿನ ಹಾಗೆ ಕಾಣುವುದಿಲ್ಲ, ಆದರೆ ಲಿವರಿನ ಒಂದು ತುಂಡಿನ ಸಮೇತ ತೆಗೆಯಲೇಬೇಕು, ಉಳಿದದ್ದು ಮತ್ತೆ ಬೆಳೆದುಕೊಳ್ಳುತ್ತದೆ ಎಂದರು ಡಾಕ್ಟರು. ಅಲ್ಲಿಯವರೆಗೆ ಹೊಟ್ಟೆಯನ್ನು ಯಾರೂ ಒತ್ತಬಾರದು ಎಂದೂ ಹೇಳಿದರು.

ಆ ಕೊನೆಯ ಮಾತು ಬಾಯಿಯ ಎದೆಯಲ್ಲಿ ನಾಟಿತು. ಆಪರೇಶನ್ ದಿನ ಆಸ್ಪತ್ರೆಯ ಬೆಂಚಿನ ತುದಿಯಲ್ಲಿ ಕೂತು, ಕೈಗಳೆರಡನ್ನೂ ಸೆರಗಿನೊಳಗೆ ಬಚ್ಚಿಟ್ಟುಕೊಂಡು ಜಪಮಾಲೆ ಎಣಿಸಿದಳು. ಗಡ್ಡೆ ಪೂರ್ತಿಯಾಗಿ ಬಂತು, ಮಗು ಕ್ಷೇಮ ಎಂದು ಕೇಳಿದ್ದೇ ಮಗುವನ್ನು ನೋಡದೆ ಮನೆಗೆ ಹೋದಳು. ಗಡ್ಡೆ ಪರೀಕ್ಷೆಗೆ ಹೋಗಿ, ಕ್ಯಾನ್ಸರ್ ಅಲ್ಲ ಎಂದು ಖಚಿತವಾದ ಸುದ್ದಿ ಬಂದಾಗಲೂ ಅತ್ತಳೇ ಹೊರತು ಆ ಕಡೆ ಸುಳಿಯಲಿಲ್ಲ. ಬೇರೆ ಮನೆಯವರು ಕರೆದರೂ ಮೈ ಸರಿಯಿಲ್ಲ ಎಂದಳು.

ಗಾಯ ಪೂರಾ ಮಾಗಿದ ಮೇಲೆ ಸುಗಂಧಿಯೇ ಮಗು, ಟವಲು, ಎಣ್ಣೆ ಬಾಟಲಿ ಹಿಡಿದು ಬಾಯಿಯ ಬಾಗಿಲಿಗೆ ಬಂದಳು.

"ಇವಳು ನನ್ನ ಕಾಲ ಮೇಲೆ ಮಲಗುದೇ ಇಲ್ಲ ಮಾರ್ರೆ."

ಬಾಯಿ ಕೈ ಚಾಚಲಿಲ್ಲ. "ನಾನು ತಿಕ್ಕಿಯೇ ಹಾಗಾದದ್ದಾ ಸುಗಂಧಿ?"

"ಡಾಕ್ಟ್ರ ಹತ್ರ ನಾನು ಮೊದ್ಲು ಕೇಳಿದ್ದೇ ಅದು" ಎಂದಳು ಸುಗಂಧಿ, ಮುಚ್ಚುಮರೆಯಿಲ್ಲದೆ. "ಹುಟ್ಟುವಾಗ್ಲೇ ಇತ್ತಂತೆ."

ಬಚ್ಚಲಲ್ಲಿ ಬಾಯಿ ಕಾಲು ನೀಡಿದಳು. ಮಗು ಹಳೇ ಜಾಗ ಸಿಕ್ಕಿದ ಖುಷಿಯಲ್ಲಿ ಕೈಕಾಲು ಬಡಿಯಿತು. ಹೊಟ್ಟೆಯ ಅಡ್ಡಕ್ಕೆ ಎಳೆದ ಆಪರೇಶನ್ ಗೆರೆಯನ್ನು ಮುಟ್ಟದೆ ಅವಳ ಬೆರಳು ಆಚೆಯಿಂದ ದಾಟಿತು. ಕೊನೆಗೆ ಚೊಂಬು ನಿವಾಳಿಸಿದಳು.

"ಊರವರ ದೃಷ್ಟಿ ಹೋಗ್ಲಿ, ಕೇರಿಯವರ ದೃಷ್ಟಿ ಹೋಗ್ಲಿ." ಚೊಂಬಿನಲ್ಲಿ ಉಳಿದ ನೀರನ್ನೂ ಚೆಲ್ಲಿದಳು. "ನನ್ನ ದೃಷ್ಟಿಯೂ ಹೋಗ್ಲಿ."

ಸುಗಂಧಿ ಟವಲು ಬಿಚ್ಚಿ ಹಿಡಿದಳು.

"ನಿಮ್ಮ ದೃಷ್ಟಿ ಇರ್ಲಿ ಬಾಯಿ" ಎಂದಳು. "ನಾಳೆ ನಮ್ಮಲ್ಲಿಗೇ ಬನ್ನಿ."