ಹೇನು ಮೇಡಂ

ವರ್ತೂರಿನಾಚೆ ಪಿನಾಕಿನಿ ಹೊಳೆಯಲ್ಲಿ ಬಲೆ ಬಿಡುವವರೆಲ್ಲ ಮೀನುಗಾರಿಕೆ ಇಲಾಖೆಯ ಸುಮಂಗಲಾ ಅವರನ್ನು ‘ಹೇನು ಮೇಡಂ’ ಎಂದೇ ಕರೆಯುತ್ತಾರೆ. ಮೀನು ಕಂಡರೆ ಸಾಕು, ಅದರ ಮೈಗೆ ಕಚ್ಚಿಕೊಂಡು ರಕ್ತ ಹೀರುವ ಹೇನನ್ನು ಹುಡುಕದೆ ಅವರು ಬಿಡುವುದಿಲ್ಲ. ತಾವು ಮೀನು ತಿನ್ನುವವರಲ್ಲ, ಆದರೂ ಮಾರತ್ತಹಳ್ಳಿಯ ಬೀಗರೂಟವೊಂದರಲ್ಲಿ ಪಕ್ಕದವರ ಎಲೆಯ ಮೇಲಿದ್ದ ಮೀನಿನ ತಲೆಯನ್ನು ಬಗ್ಗಿ ನೋಡಿದವರು. ಬೇಸಿಗೆ ಬಂತೆಂದರೆ ಅವರ ಮುಖ ಬಾಡುತ್ತದೆ. ನೀರು ಕಾದಷ್ಟೂ ಹೇನು ಹೆಚ್ಚುತ್ತದೆ, ನೀರು ವರ್ಷವರ್ಷಕ್ಕೂ ಹೆಚ್ಚು ಕಾಯುತ್ತಿದೆ. “ಏನಾದ್ರೂ ಔಷ್ದಿ ಆಕ್ಬುಡಿ ಮೇಡಂ,” ಎನ್ನುತ್ತಾನೆ ಬಲೆಗಾರ ವೆಂಕಟೇಶಪ್ಪ. “ಕೆರಿಗಾದ್ರ ಹಾಕಬಹುದಣ್ಣ, ಹರಿಯೋ ನೀರಿಗೆ ಹೆಂಗ ಹಾಕ್ಲಿ? ಬಲಿ ಬಿಸಲಾಗ ಚಲೋತ್ನಂಗ ಒಣಗಿಸ್ರಿ, ಅದಕ್ಕ ಅಂಟಿದ ಹೇನಿನ ತತ್ತಿ ಸಾಯ್ತಾವ. ನಮ್ಮ ಕೈಯಾಗ ಇರೋದು ಅಷ್ಟ,” ಎನ್ನುತ್ತಾರೆ ಇವರು. ಅವನು ಒಣಗಿಸಿದ, ಹೇನು ಕಡಿಮೆಯಾಗಲಿಲ್ಲ. ಮೊನ್ನೆ ಬೆಳಿಗ್ಗೆ, ಬಲೆಯಲ್ಲೇ ಸತ್ತು ಸಿಕ್ಕ ದೊಡ್ಡ ಗೆಂಡೆ ಮೀನೊಂದನ್ನು ಎತ್ತಿಕೊಂಡು ಓಡಿಬಂದ. “ಒಂದೂ ಇಲ್ಲ ನೋಡಿ ಮೇಡಂ! ಬಲೆ ಒಣಗ್ಸಿದ್ದು ಕೆಲ್ಸ ಮಾಡ್ತು!” ಮೀನು ಸತ್ತ ಮೇಲೆ ಹೇನು ಅದನ್ನು ಬಿಟ್ಟು ಇನ್ನೊಂದು ಜೀವ ಹುಡುಕಿಕೊಂಡು ಹೋಗುತ್ತದೆಂದು ಅವರಿಗೆ ಗೊತ್ತಿತ್ತು. ಕಚ್ಚಿದ ಕೆಂಪು ಗಾಯಗಳ ಮೇಲೆ ಮೆಲ್ಲಗೆ ಬೆರಳಾಡಿಸಿದರು. “ಹೌದಲ್ರೀ ಅಣ್ಣ,” ಎಂದರು, “ಒಂದೂ ಇಲ್ಲ.”