ಕದಿರಮ್ಮನ ಹಾಲಿಗೆ ಬಂದ ಕೆಟ್ಟ ಹೆಸರು

ಕ್ಯಾಲನೂರಿನ ವೆಂಕಟಲಕ್ಷ್ಮಿ ಏನು ಕೆಲಸ ಮಾಡುತ್ತಾಳೆಂದು ಸರಿಯಾಗಿ ಹೇಳಬಲ್ಲವರು ಊರಲ್ಲಿ ಯಾರೂ ಇಲ್ಲ. ದಿನಾ ಸ್ಕೂಟಿಯಲ್ಲಿ ಕೋಲಾರಕ್ಕೆ ಹೋಗಿ ಕಂಪ್ಯೂಟರ್ ಮುಂದೆ ಕೂರುತ್ತಾಳೆ, ಡೈರಿಯಲ್ಲಿ ಏನಾದರೂ ಕೆಟ್ಟರೆ ಅವಳನ್ನೇ ಕೇಳಬೇಕು, ಇಷ್ಟು ಗೊತ್ತಿದ್ದರೆ ಸಾಕೆನ್ನುವ ಜನ. ಅದು ಪೂರ್ತಿ ತಪ್ಪೂ ಅಲ್ಲ. ಹಳ್ಳಿ ಡೈರಿಗಳಲ್ಲಿ ಹಾಲಿನ ಫ್ಯಾಟು, ಗಟ್ಟಿತನದ ಡಿಗ್ರಿ ಲೆಕ್ಕ ಹಾಕಿ, ನೀರು ಬೆರೆತಿದ್ದರೆ ಕೆಂಪಕ್ಷರದಲ್ಲಿ ತೋರಿಸುವ ತಂತ್ರಾಂಶವನ್ನು ನೋಡಿಕೊಳ್ಳುವ ಸಣ್ಣ ಕಂಪನಿಯಲ್ಲಿ ಅವಳ ಕೆಲಸ.

ಆ ತಂತ್ರಾಂಶ ಎಲ್ಲೋ ದೂರದ ಸರ್ವರುಗಳಲ್ಲಿ, ಕಂಟೈನರ್ ಎಂಬ ಡಬ್ಬಿಗಳೊಳಗೆ ಓಡುತ್ತದೆ. ಯಾವ ಡಬ್ಬಿ ಹೇಗಿರಬೇಕೆಂಬುದೆಲ್ಲ ಒಂದು ಕೋಡ್ ಫೈಲಿನಲ್ಲಿರುತ್ತದೆ. ಬದಲಾವಣೆ ಬೇಕಾದರೆ ಫೈಲನ್ನು ತಿದ್ದಿ ಒಂದು ಆಜ್ಞೆ ಕೊಟ್ಟರಾಯಿತು. ಫೈಲಿನಲ್ಲಿದ್ದಂತೆ ಹೊಸ ಡಬ್ಬಿಗಳು ಎದ್ದು ನಿಲ್ಲುತ್ತವೆ, ಹಳೆಯವು ಹೋಗುತ್ತವೆ, ಕೆಲಸ ಮಾತ್ರ ನಿಲ್ಲುವುದಿಲ್ಲ. ಓಡುತ್ತಿರುವ ಡಬ್ಬಿಗೆ ನೇರವಾಗಿ ಕೈ ಹಾಕಕೂಡದು. ಹೊಸದಾಗಿ ಸೇರಿದವರಿಗೆ ಇದನ್ನು ಗದರಿ ಗದರಿ ಹೇಳಿಕೊಡುತ್ತಿದ್ದವಳೇ ವೆಂಕಟಲಕ್ಷ್ಮಿ.

ಯುಗಾದಿಯ ಹಿಂದಿನ ದಿನ ಡೈರಿ ಸೆಕ್ರೆಟರಿ ಶಿವಶಂಕರ್ ಅವಳ ಮನೆಯ ಜಗಲಿಗೇ ಬಂದು ಕೂತ. ಇನ್ನೂ ಪರೀಕ್ಷೆಯಲ್ಲಿದ್ದ ಡೈರಿಯ ಹೊಸ ಮಿಷನ್ ಎಲ್ಲರ ಹಾಲನ್ನೂ ತುಸು ತೆಳುವಾಗಿ ತೋರಿಸುತ್ತಿತ್ತು. ಬೇರೆ ಊರಿನವನಾಗಿದ್ದರೆ ಕಂಪನಿಗೆ ದೂರು ಕೊಡಿ ಅನ್ನುತ್ತಿದ್ದಳು. ಅಪ್ಪನ ಪಕ್ಕ ಕೂತು ಕಾಫಿ ಕುಡಿಯುತ್ತಿದ್ದವನಿಗೆ ಹಾಗೆ ಹೇಳಲು ನಾಲಿಗೆ ಏಳಲಿಲ್ಲ. ಲ್ಯಾಪ್‌ಟಾಪ್ ತೆಗೆದು, ಓಡುತ್ತಿದ್ದ ಡಬ್ಬಿಯಲ್ಲೇ ಕ್ಯಾಲನೂರಿನ ಮಿಷನ್ನಿಗೆ ಸರಿಹೊಂದುವ ಅಂಕಿಯೊಂದನ್ನು ಹಾಕಿಬಿಟ್ಟಳು. ಹಬ್ಬ ಮುಗಿದ ಮೇಲೆ ಫೈಲಿಗೂ ಸೇರಿಸೋಣ ಅಂದುಕೊಂಡವಳು ಒಬ್ಬಟ್ಟಿನ ಗಡಿಬಿಡಿಯಲ್ಲಿ ಮರೆತೇಬಿಟ್ಟಳು. ಬೇರೆಯವರು ಮರೆತಿದ್ದರೆ ಅವಳು ಸುಮ್ಮನೆ ಬಿಡುತ್ತಿದ್ದಳೇ?

ಕೆಲವು ವಾರ ಕಳೆದು, ರೈತರ ಮೊಬೈಲಿಗೆ ಕನ್ನಡದಲ್ಲಿ ಸಂದೇಶ ಹೋಗುವ ಸೌಲಭ್ಯ ಸೇರಿಸಿ ಅವಳೇ ಆಜ್ಞೆ ಕೊಟ್ಟಳು. ಹೊಸ ಡಬ್ಬಿಗಳು ಫೈಲಿನಲ್ಲಿದ್ದಂತೆಯೇ ಎದ್ದವು. ಕೈಯಿಂದ ಹಾಕಿದ್ದ ಅಂಕಿ ಹಳೆಯ ಡಬ್ಬಿಯ ಜೊತೆಗೇ ಹೋಯಿತು.

ಆ ಸಂಜೆ ಡೈರಿಯಲ್ಲಿ ಎಲ್ಲರ ಡಿಗ್ರಿಯೂ ಸ್ವಲ್ಪ ಇಳಿಯಿತು. ಜನ ಗೊಣಗಿ ಸುಮ್ಮನಾದರು. ಆದರೆ ವೆಂಕಟಲಕ್ಷ್ಮಿಯ ಪಕ್ಕದ ಮನೆಯ ಕದಿರಮ್ಮನ ಸೀಮೆಹಸುವಿನ ಹಾಲು ಮೊದಲಿಂದಲೂ ಅಂಚಿನಲ್ಲೇ ಪಾಸಾಗುತ್ತಿದ್ದದ್ದು. ಅವಳೊಬ್ಬಳಿಗೆ ಕೆಂಪಕ್ಷರ ಬಂತು. ಶಿವಶಂಕರ್ ಎಲ್ಲರೆದುರಿಗೇ ಹಾಲನ್ನು ಅವಳ ಕ್ಯಾನಿಗೆ ವಾಪಸ್ ಸುರಿದ. ಗಂಡ ಸತ್ತ ಮೇಲೆ ಒಬ್ಬರ ಕೈಲೂ ಒಂದು ಮಾತು ಅನ್ನಿಸಿಕೊಳ್ಳದೆ ಬದುಕಿದ ಹೆಂಗಸು ಬಾಯಿಗೆ ಸೆರಗು ಅಡ್ಡ ಹಿಡಿದು ಮನೆಗೆ ನಡೆದಳು.

ವಿಷಯ ಕಿವಿಗೆ ಬಿದ್ದಾಗ ವೆಂಕಟಲಕ್ಷ್ಮಿಗೆ ಯುಗಾದಿಯ ಹಿಂದಿನ ದಿನ ಹಾಕಿದ್ದ ಅಂಕಿ ನೆನಪಾಯಿತು. ಕೂತ ಜಾಗದಲ್ಲೇ ಅಂಕಿಯನ್ನು ಫೈಲಿಗೆ ಸೇರಿಸಿ ಮತ್ತೆ ಆಜ್ಞೆ ಕೊಟ್ಟಳು. ಮರುದಿನ ಸಂಜೆ ಕದಿರಮ್ಮನ ಹಾಲು ಪಾಸಾಯಿತು. ಎಡವಟ್ಟಾದದ್ದೇ ಅಲ್ಲಿ. ನಿನ್ನೆ ಸಿಕ್ಕಿಬಿದ್ದಳಲ್ಲ, ಇವತ್ತು ನೀರು ಹಾಕಿಲ್ಲ ಎಂದು ಸಾಲಿನಲ್ಲಿದ್ದವರು ಕನ್ನಡದಲ್ಲೂ ತೆಲುಗಿನಲ್ಲೂ ಆಡಿಕೊಂಡು ನಕ್ಕರು.

ಅಲ್ಲೇ ನಿಂತಿದ್ದ ವೆಂಕಟಲಕ್ಷ್ಮಿಗೆ ತಡೆಯಲಾಗಲಿಲ್ಲ. "ತಪ್ಪು ಹಾಲಿಂದಲ್ಲ ಅಣ್ಣಾ, ನಂದು. ಅವತ್ತು ನಾನು ಹಾಕಿದ್ದ ಅಂಕಿ ನನ್ನಿಂದಾನೇ ಅಳಿಸಿಹೋಯ್ತು," ಎಂದು ಶಿವಶಂಕರನಿಗೆ ಎಲ್ಲರಿಗೂ ಕೇಳುವಂತೆ ಹೇಳಿದಳು. ಡಬ್ಬಿ, ಫೈಲು, ಆಜ್ಞೆ ಎಲ್ಲವನ್ನೂ ಬಿಡಿಸಿ ಹೇಳಲು ಹೋದಳು. ಹೇಳಿದಷ್ಟೂ ಕಟ್ಟುಕಥೆಯಂತೆ ಕೇಳಿಸಿತು.

"ನೀನು ಅವತ್ತೇ ಸರಿ ಮಾಡಿದ್ಯಲ್ಲಮ್ಮ, ಸರಿ ಮಾಡಿದ್ದು ತಾನಾಗೇ ಕೆಡುತ್ತಾ?" ಎಂದು ಶಿವಶಂಕರ್ ನಕ್ಕ. "ಪಕ್ಕದ ಮನೆಯೋರನ್ನ ಬಿಟ್ಟುಕೊಡೋಕಾಗಲ್ಲ. ನಂಗೂ ಅರ್ಥವಾಗುತ್ತೆ, ಬಿಡು."

ಖಾಲಿ ಕ್ಯಾನು ಹಿಡಿದು ಕದಿರಮ್ಮ ಅವಳ ಜೊತೆಗೇ ಮನೆಯ ಕಡೆ ಹೊರಟಳು. ಬೇಲಿಯ ಹತ್ತಿರ ಬಂದಾಗ ನಿಂತು ವೆಂಕಟಲಕ್ಷ್ಮಿಯ ಕೈ ಹಿಡಿದುಕೊಂಡಳು.

"ನನ್ನ ಮಾನ ಉಳಿಸೋಕೆ ಅಷ್ಟು ಜನದ ಮುಂದೆ ಸುಳ್ಳು ಹೇಳಿದ್ಯಲ್ಲೇ ಲಕ್ಷ್ಮಿ, ನಿನ್ನ ಋಣ ತೀರಿಸೋಕಾಗಲ್ಲ. ಆದ್ರೆ ದೇವರಾಣೆಗೂ ನಾನು ನೀರು ಹಾಕಿಲ್ಲ ಕಣೇ. ನೀನಾದ್ರೂ ನಂಬು."