ಒಣ ಬಾಯಿಂದ ಕುರ್ರ್ ಬರುವುದಿಲ್ಲ

ನಮ್ಮ ಕಡೆ ಕೂಸಿಗೆ ಹೆಸರಿಡುವಾಗ ತೊಟ್ಟಿಲಿಗೆ ಬಗ್ಗಿ ಅದರ ಕಿವಿಯಲ್ಲಿ ‘ಕುರ್ರ್’ ಎಂದು, ಆಮೇಲೆ ಹೆಸರು ಹೇಳುವುದು ಸೋದರತ್ತೆಯ ಕೆಲಸ. ಹೇಳಿ ಮುಗಿಸುವಷ್ಟರಲ್ಲಿ ಸುತ್ತ ನಿಂತ ಹೆಂಗಸರು ಅವಳ ಬೆನ್ನಿಗೆ ಗುದ್ದುತ್ತಾರೆ. ಯಾಕೆ ಗುದ್ದಬೇಕೆಂದು ಯಾರಿಗೂ ಗೊತ್ತಿಲ್ಲ, ಆದರೆ ಎಲ್ಲರೂ ಮನಸಾರೆ ಗುದ್ದುತ್ತಾರೆ. ಹುಕ್ಕೇರಿಯಲ್ಲಿರುವ ನನ್ನ ತಮ್ಮನ ಮಗನಿಗೆ ಅಕ್ಕತಂಗಿಯರಿಲ್ಲ. ಅವನ ಕಿವಿಯಲ್ಲಿ ಕುರ್ರ್ ಅಂದವಳು ನಾನು. ಈಗ ಅವನಿಗೆ ಹೆಣ್ಣು ಕೂಸು ಹುಟ್ಟಿತು. ಆ ಕಿವಿಯೂ ನನ್ನದೇ ಎಂದು ಮೊದಲೇ ಹೇಳಿ ಕಳಿಸಿದ್ದೆ.

ಆದರೆ ಕೆಲವು ತಿಂಗಳಿಂದ ನನ್ನ ಬಾಯಿ ಒಣಗುತ್ತಿತ್ತು. ಬೆಳಗ್ಗೆ ಎದ್ದರೆ ನಾಲಿಗೆ ಅಂಗುಳಿಗೆ ಅಂಟಿರುತ್ತಿತ್ತು. ರೊಟ್ಟಿಯ ತುತ್ತು ಬಾಯೊಳಗೆ ತಿರುಗುತ್ತಿತ್ತೇ ಹೊರತು ಗಂಟಲಿಗೆ ಇಳಿಯುತ್ತಿರಲಿಲ್ಲ. ಸೊಸೆ ನನ್ನನ್ನು ಗೋಕಾಕಕ್ಕೆ, ಡಾಕ್ಟರ ಹತ್ತಿರ ಕರೆದೊಯ್ದಳು.

“ಬಿ.ಪಿ. ಗುಳಿಗಿಂದನೂ ಹಿಂಗ ಆಗಬಹುದು ಆಯಿ. ಬ್ಯಾರೆ ಕೊಡೂದೇನು ಅಂತ ನಾ ನೋಡ್ತೇನಿ, ನೀವಾಗೇ ಬಿಡಬ್ಯಾಡ್ರಿ. ಗುಟುಕ ಗುಟುಕ ನೀರ ಕುಡೀತಿರ್ರಿ. ಚಹಾ ಕಡಿಮಿ ಮಾಡ್ರಿ, ತಂಬಾಕ ಬಂದ್ ಮಾಡ್ರಿ,” ಅಂದರು ಡಾಕ್ಟರು.

ನೀರು ಕುಡಿ ಅನ್ನಿಸಿಕೊಳ್ಳಲು ಬಸ್ಸು ಹತ್ತಿ ಬರಬೇಕಿತ್ತೇ ಎಂದು ನಾನು ಸೊಸೆಗೆ ಬೈದೆ. ಆದರೂ ಮನೆಯಲ್ಲಿ ಕುಡಿಯುತ್ತಿದ್ದೆ. ಮನೆಯಲ್ಲಿ ಮಾತ್ರ.

ಬಸ್ಸಿನಲ್ಲಿ ಹೋಗುವ ದಿನ ನಮ್ಮ ಹೆಂಗಸರು ನೀರು ಮುಟ್ಟುವುದಿಲ್ಲ. ಗಂಡಸರಿಗೆ ದಾರಿಯ ಬೇಲಿಗಳೆಲ್ಲ ಅವರಪ್ಪನ ಆಸ್ತಿ. ನಾವು ಎಲ್ಲಿಗೆ ಹೋಗಬೇಕು? ನನ್ನ ಅವ್ವ ಕುಡಿಯುತ್ತಿರಲಿಲ್ಲ, ನಾನೂ ಕುಡಿಯುವುದಿಲ್ಲ. ಹೆಸರಿಡುವ ದಿನ ನಮ್ಮೂರು ಮಸಗುಪ್ಪಿಯಿಂದ ಹೊರಟಾಗ ಸೊಸೆ ಬಾಟಲಿ ಮುಂದೆ ಹಿಡಿದಳು. “ಅತ್ಯಾರ, ಒಂದ ಗುಟುಕರ ಕುಡೀರಿ,” ಅಂದಳು.

“ನೀನs ಕುಡಿ. ಬಸ್ ನಿಲ್ಸಂತ ಡ್ರಾಯವರ್ ಕಾಲ ಹಿಡಿಯಾಕೂ ನೀನs ಹೋಗು,” ಅಂದೆ.

ಗೋಕಾಕದಲ್ಲಿ ಬಸ್ಸು ಬದಲಾಯಿಸುವಾಗಲೇ ತುಟಿ ಬಿರಿದಿತ್ತು. ಧುಪದಾಳದ ಕಡೆ ನದಿಯ ಒಡ್ಡಿನ ಮೇಲಿಂದ ನೀರು ಧುಮುಕುತ್ತಿದೆ ಎಂದು ಮುಂದಿನ ಸೀಟಿನವನು ಬೇರೆ ಬಾಯಿ ತುಂಬ ವರ್ಣಿಸಿದ. ಬಾಯಲ್ಲಿ ಒಂದಿಷ್ಟು ನೀರೂರಲೆಂದು ಸೊಸೆಯ ಕಣ್ಣು ತಪ್ಪಿಸಿ ಚಿಟಿಕೆ ತಂಬಾಕು ದವಡೆಗಿಟ್ಟೆ. ಊರಿತು. ಊರಿದ್ದನ್ನು ಕಿಟಕಿಯಿಂದ ಉಗುಳಿದೆ. ಆಮೇಲೆ ಬಾಯಿ ಮೊದಲಿಗಿಂತ ಬರಡಾಯಿತು.

ಹುಕ್ಕೇರಿಯ ಮನೆಗೆ ಕಾಲಿಟ್ಟಾಗ ತೊಟ್ಟಿಲು ಸಿಂಗರಿಸಿ, ಗುಗ್ಗರಿ ಕುದಿಸಿ, ನನಗಾಗಿಯೇ ಕಾದಿದ್ದರು. ಕೂಸು ಕಿರುಚುತ್ತಿತ್ತು. ನಾನು ಸೆರಗು ಸಿಕ್ಕಿಸಿ ಬಗ್ಗಿದೆ. ಕುರ್ರ್ ಬರಲಿಲ್ಲ. ನಾಲಿಗೆ ತಿರುಗಲೇ ಇಲ್ಲ. ಸೈಕಲ್ ಗಾಲಿಯಿಂದ ಗಾಳಿ ಹೋದ ಹಾಗೆ ‘ಖಸ್’ ಎಂದಿತು. ಹೆಂಗಸರು ಬಿದ್ದು ಬಿದ್ದು ನಕ್ಕರು.

“ಅಕ್ಕಾರ ಬಾಯಿ ಬಂದ್ ಆತು ಅಂದ್ರ ಇನ್ನ ಈ ಊರಾಗ ಸಂತೀನೂ ಕೂಡಂಗಿಲ್ಲ ಬಿಡ್ರಿ,” ಅಂದಳು ತಮ್ಮನ ಹೆಂಡತಿ. ನಾನು ಇಷ್ಟು ವರ್ಷ ಅವಳಿಗೆ ಅಂದದ್ದಕ್ಕೆಲ್ಲ ಅವತ್ತು ಬಡ್ಡಿ ಸಿಕ್ಕಿತ್ತು. ಅಷ್ಟಕ್ಕೇ ಬಿಟ್ಟಿದ್ದರೆ ಸುಮ್ಮನಿರುತ್ತಿದ್ದೆ. “ಕೂಸು ಅಳಾಕತ್ತೈತಿ. ನನ್ನ ತಂಗಿ ಮಗಳು ಇಲ್ಲೇ ಅದಾಳ, ಆಕಿನs ಅನ್ನಲಿ,” ಎಂದಳು.

ಅವಳ ತಂಗಿಯ ಮಗಳು! ನಮ್ಮ ಮನೆಯ ಕೂಸಿನ ಕಿವಿಗೆ! ಬೈಯೋಣವೆಂದರೆ ಬೈಯಲಿಕ್ಕೂ ಎಂಜಲು ಬೇಕು. ತೊಟ್ಟಿಲ ಅಂಚು ಗಟ್ಟಿಯಾಗಿ ಹಿಡಿದುಕೊಂಡು ನಿಂತೆ. ಸೊಸೆಯ ಕಡೆ ಕೈ ಚಾಚಿದೆ.

ಅವಳು ಬಾಟಲಿ ಕೊಟ್ಟಳು. ಗಟಗಟ ಎತ್ತಲು ಹೋದರೆ ಕಸಿದುಕೊಂಡಳು.

“ಹಂಗಲ್ರಿ. ಒಂದ ಗುಟುಕು ತುಗೊಂಡು ಬಾಯಾಗ ಆಡಸ್ರಿ. ಆಮ್ಯಾಲ ನುಂಗ್ರಿ. ಹಾಂ, ಇನ್ನೊಂದ. ಈಗ ಇಷ್ಟ ಬಡೇಸೋಪ ಅಗೀರಿ.”

ತುಂಬಿದ ಮನೆಯಲ್ಲಿ ಸೊಸೆ ಅತ್ತೆಗೆ ನೀರು ಕುಡಿಯುವುದನ್ನು ಕಲಿಸುತ್ತಿದ್ದಳು. ಎಲ್ಲರೂ ನೋಡಿದರು. ನೋಡಲಿ ಬಿಡು ಎಂದು ಅವಳು ಕೊಟ್ಟ ಸೋಂಪಿನ ಕಾಳು ಅಗಿದೆ. ಕೂಸು ಮೈ ಕೆಂಪಗೆ ಮಾಡಿಕೊಂಡು ಅಳುತ್ತಿತ್ತು. ತಂಗಿಯ ಮಗಳು ಹುಮ್ಮಸ್ಸಿನಿಂದ ತೊಟ್ಟಿಲ ಆಚೆ ಬದಿಗೆ ಬಂದು ನಿಂತಳು.

ಅಷ್ಟರಲ್ಲಿ ದವಡೆಯ ಸಂದಿಯಲ್ಲಿ ಸ್ವಲ್ಪ ಒದ್ದೆಯಾಯಿತು. ನಾಲಿಗೆ ಅಂಗುಳು ಬಿಟ್ಟಿತು. ಅವಳಿಗಿಂತ ಮೊದಲು ಬಗ್ಗಿ, ಇದ್ದಬದ್ದ ಉಸಿರೆಲ್ಲ ಸೇರಿಸಿ ‘ಕುರ್ರ್ರ್’ ಅಂದೆ. ಕೂಸು ಗಕ್ಕನೆ ಅಳು ನಿಲ್ಲಿಸಿ ಕಣ್ಣು ಬಿಟ್ಟಿತು. ಅದರ ಮುಖದ ಮೇಲೆ ನನ್ನ ತುಂತುರು ಬಿದ್ದಿತ್ತು. ಸೆರಗಿನಿಂದ ಒರೆಸಿ, ಕಿವಿಯಲ್ಲಿ ಹೆಸರು ಹೇಳಿದೆ.

ಬೆನ್ನಿಗೆ ಗುದ್ದುಗಳು ಶುರುವಾದವು. ಎಲ್ಲಕ್ಕಿಂತ ಜೋರಿನದು ಯಾರದೆಂದು ತಿರುಗಿ ನೋಡದೆಯೇ ಗೊತ್ತಾಯಿತು.

“ಏ, ಸಾಕವ್ವಾ! ಬೆನ್ನ ಮುರದೀತು!” ಅಂದೆ.

“ದನಿ ಬಂತಲ್ಲ! ಚಲೋ ಆತ ತಗೋರಿ,” ಎಂದು ತಮ್ಮನ ಹೆಂಡತಿ ನಕ್ಕಳು. ಒಳಗೆ ಹೋಗಿ ತುಂಬಿದ ತಂಬಿಗೆ ತಂದು ನನ್ನ ಮುಂದೆ ನಿಂತಳು. “ಕುಡೀರಿ. ಮುಗಿಯೂತನ ನಾ ಇಲ್ಲಿಂದ ಕದಲಂಗಿಲ್ಲ.”

ಚಾಪೆಯ ಮೇಲೆ ಕಾಲು ಚಾಚಿ ಕುಳಿತು ಗುಟುಕು ಗುಟುಕಾಗಿ ಕುಡಿದೆ. ಬೇಕೆಂದೇ ತಡಮಾಡಿದೆ. ಒಲೆಯ ಮೇಲೆ ಅವಳ ಸಾರು ಉಕ್ಕುತ್ತಿತ್ತು. ಅವಳು ಅತ್ತ ನೋಡಿದಳು, ಇತ್ತ ನೋಡಿದಳು, ಆದರೆ ಕದಲಲಿಲ್ಲ.